ಉಳಿಸಬೇಕಾದ ತಪ್ಪುಗಳು

ತಪ್ಪು ಹುಡುಕುವುದು ನನ್ನ ಕಸುಬು. ಬೇರೆಯವರು ಬರೆದ ಪ್ರೋಗ್ರಾಮನ್ನು ಹಿಡಿದು, ಅದು ಎಲ್ಲಿ ಕುಂಟುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡಿ ವರದಿ ಬರೆಯುತ್ತೇನೆ. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ನಾಲಿಗೆಯೂ ಅದಕ್ಕೆ ತಕ್ಕ ಹಾಗೆ ಆಗಿದೆ. ಯಾರ ಮನೆಗೆ ಹೋದರೂ ಮೊದಲು ನನ್ನ ಕಣ್ಣಿಗೆ ಬೀಳುವುದು ವಾಲಿದ ಕುರ್ಚಿ. ಇಂಥ ನಾನು ಹಮಾಲಿಯ ಕಥೆ ಹೇಳಲು ಕೂತಿರುವುದಕ್ಕೆ ಕಾರಣ ಒಂದೇ. ಅವನಿಗೆ ವಾರಕ್ಕೊಮ್ಮೆ ಬರುತ್ತಿದ್ದ ಒಂದು ಫೋನ್ ಕರೆಯನ್ನು ನಾನು ನಿಲ್ಲಿಸಿಬಿಟ್ಟೆ. ಬೇಕೆಂದು ಮಾಡಲಿಲ್ಲ, ಆದರೆ ಮಾಡಿದ್ದು ನಾನೇ.

ಹಮಾಲಿ ಎಂಬುದು ಅವನ ಅತ್ತಿಗೆ ಇಟ್ಟ ಹೆಸರು. ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದಾಗ ಆಕೆ ಕೇಳಿದಳಂತೆ: "ನೀನು ಅಷ್ಟು ಹೊತ್ತು ಕೂತು ಮಾಡೋದಾದ್ರೂ ಏನು ಮಾರಾಯ?"

"ಒಂದು ಕಡೆ ಇದ್ದದ್ದನ್ನ ಇನ್ನೊಂದು ಕಡೆ ಇಡ್ತೀನಿ ಅತ್ತಿಗೆ."

"ಹಮಾಲಿ ಕೆಲಸ ಅನ್ನು."

ಇದನ್ನು ಅವನೇ ಬಂದು ನನಗೆ ಹೇಳಿದ್ದ. ಅಂದಿನಿಂದ ನಾನೂ ಹಾಗೇ ಕರೆಯುತ್ತೇನೆ. ಅತ್ತಿಗೆ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಒಂದು ಬಗೆಯ ಕಂಪ್ಯೂಟರಿಗೆಂದು ಬರೆದ ಪ್ರೋಗ್ರಾಮ್ ಇನ್ನೊಂದು ಬಗೆಯದರಲ್ಲಿ ನಡೆಯುವುದಿಲ್ಲ. ಅಲ್ಲಿಂದ ಬಿಚ್ಚಿ, ಇಲ್ಲಿಯ ರೀತಿಗೆ ಒಗ್ಗಿಸಿ, ಮತ್ತೆ ಕಟ್ಟಬೇಕು. ಕಪ್ಪು ಪರದೆಯ ಹಳೆಯ ಯಂತ್ರದಿಂದ ವಿಂಡೋಸಿಗೆ, ವಿಂಡೋಸಿನಿಂದ ಮ್ಯಾಕಿಗೆ, ಲಿನಕ್ಸಿಗೆ, ಆಮೇಲೆ ಎರಡು ಬಗೆಯ ಫೋನುಗಳಿಗೆ ಹೊತ್ತು ಹಾಕುವುದರಲ್ಲೇ ಅವನಿಗೆ ಐವತ್ತೊಂದು ತುಂಬಿತು.

ಗಾಜು ಕತ್ತರಿಸುವ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ, ಮೇಜುಗಳನ್ನು ಬಾಡಿಗೆಗೆ ಕೊಡುವ ಒಂದು ಕೋಣೆ ಇದೆ. ಆರು ಮೇಜು. ಅದರಲ್ಲಿ ಒಂದು ನನ್ನದು, ಅದರ ಹಿಂದಿನದು ಅವನದು. ಉಳಿದ ನಾಲ್ಕಕ್ಕೆ ಜನ ಬರುತ್ತಾರೆ, ಹೋಗುತ್ತಾರೆ. ಹೆಸರು ಗೊತ್ತಾಗುವಷ್ಟರಲ್ಲಿ ಮೇಜು ಖಾಲಿ. ಅವನ ಮೇಜಿನ ಮೇಲೆ ನಾಲ್ಕು ಯಂತ್ರ, ನಾಲ್ಕು ಕೀಲಿಮಣೆ. ನಕಲು ಮಾಡುವ ಕೀಲಿ ಒಂದರಲ್ಲಿ ಹೆಬ್ಬೆರಳಿಗೆ ಸಿಗುತ್ತದೆ, ಇನ್ನೊಂದರಲ್ಲಿ ಕಿರುಬೆರಳಿಗೆ. ದಿನಕ್ಕೆ ನಲವತ್ತು ಸಲ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಒಂದು ಬೆರಳು ಅತ್ತ, ಇನ್ನೊಂದು ಇತ್ತ. ತಪ್ಪು ಕೀಲಿ ಒತ್ತಿದಾಗಲೆಲ್ಲ ಅವನು ಮೆಲ್ಲಗೆ "ಅಯ್ಯೋ, ಅದು ಆ ಮನೆ" ಎನ್ನುತ್ತಿದ್ದ. ಮಾತು ಕಡಿಮೆಯವನು. ಇಡೀ ಬೆಳಗ್ಗೆ ಅವನ ಬಾಯಿಂದ ಕೇಳಿಸುತ್ತಿದ್ದದ್ದು ಅಷ್ಟೇ.

ಈ ಕೆಲಸದಲ್ಲಿ ಒಬ್ಬನೇ ಆಗುವುದು ಸುಲಭ. ಒಂದೊಂದು ಯಂತ್ರದವರದ್ದೂ ಒಂದೊಂದು ಬಳಗ. ಅವರು ತಮ್ಮತಮ್ಮಲ್ಲೇ ಸೇರುತ್ತಾರೆ, ಇನ್ನೊಬ್ಬರದನ್ನು ಹಳಿಯುತ್ತಾರೆ, ಅದರಲ್ಲೇ ಸ್ನೇಹ ಬೆಳೆಯುತ್ತದೆ. ಇವನು ಯಾವುದನ್ನೂ ಹಳಿಯುವಂತಿಲ್ಲ. ಎಲ್ಲವೂ ಅನ್ನ ಕೊಟ್ಟವೇ. ಒಮ್ಮೆ ಅಂಥದೊಂದು ಕೂಟಕ್ಕೆ ಹೋಗಿ ಅರ್ಧ ಗಂಟೆಯಲ್ಲಿ ವಾಪಸು ಬಂದ.

"ಏನಾಯ್ತು?" ಅಂದೆ.

"ನೀವು ಯಾವ ಕಡೆಯವರು ಅಂತ ಕೇಳಿದ್ರು ಅಕ್ಕ. ಎಲ್ಲಾ ಕಡೆ ಅಂದೆ. ಹಾಗಾದ್ರೆ ಯಾವ ಕಡೆಯೂ ಅಲ್ಲ ಬಿಡಿ ಅಂದ್ರು."

ಅವನಿಗೆ ಮದುವೆಯಾಗಿರಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಮಗಳ ಮನೆಗೆ ಹೋದಳು. ಊಟಕ್ಕೆ ಕರೆಯುವವರೂ ಇಲ್ಲವಾದರು. ಬಾಡಿಗೆ ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಎರಡನೆಯ ಲೋಟ ಯಾಕಿಲ್ಲ ಎಂದು ನಾನು ಕೇಳಿದ್ದಕ್ಕೆ, "ತೊಳೆಯೋಕೆ ಸೋಮಾರಿತನ" ಅಂದ. ನಾನು ನಂಬಿದೆ. ನಾನು ಗಂಡ ಸತ್ತು ಒಂಬತ್ತು ವರ್ಷ ಒಬ್ಬಳೇ ಇದ್ದವಳು, ನನಗಾದರೂ ತಿಳಿಯಬೇಕಿತ್ತು.

ಅವನಿಗೆ ಇದ್ದದ್ದು ಗುರುವಾರದ ಕರೆ. ಹನ್ನೊಂದು ಗಂಟೆಗೆ ಐದು ನಿಮಿಷ ಹೆಚ್ಚು ಕಡಿಮೆ ಅದು ಬರುತ್ತಿತ್ತು. ರೈಲಿನಲ್ಲಿ ಎರಡು ಗಂಟೆ ದೂರದ ಒಂದು ಊರಿನಲ್ಲಿ ಕಟ್ಟಿಸುವ ಹಲ್ಲು ಮಾಡುವ ಕಾರ್ಖಾನೆಯಿದೆ. ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಾರೆ, ಇವರು ಹಲ್ಲಿನ ಸೆಟ್ಟು ಮಾಡಿ ಕೊಡುತ್ತಾರೆ. ಕರೆ ಮಾಡುತ್ತಿದ್ದವಳು, ಅಪ್ಪನಿಂದ ಬಂದ ಆ ಕಾರ್ಖಾನೆಯನ್ನು ನಡೆಸುತ್ತಿದ್ದ ಹೆಂಗಸು. ಅವನಿಗಿಂತ ಎರಡೋ ಮೂರೋ ವರ್ಷಕ್ಕೆ ದೊಡ್ಡವಳು. ಹದಿನಾಲ್ಕು ವರ್ಷದ ಹಿಂದೆ ಅವರ ಕೆಲಸದ ಪಟ್ಟಿ ಇಡುವ ಪ್ರೋಗ್ರಾಮನ್ನು ವಿಂಡೋಸಿಗೆ ಸಾಗಿಸಿಕೊಟ್ಟವನು ಇವನೇ. ಆಗ ಒಂದು ದಿನ ಹೋಗಿ ಕೂರಿಸಿ ಬಂದಿದ್ದ. ಅವರಿಬ್ಬರೂ ಮುಖಾಮುಖಿಯಾದದ್ದು ಅಂದು ಮಾತ್ರ.

ಆ ಪ್ರೋಗ್ರಾಮಿನಲ್ಲಿ ಒಂದು ತಪ್ಪಿತ್ತು. ಪಟ್ಟಿಯಲ್ಲಿ ಒಬ್ಬೊಬ್ಬರ ಹಲ್ಲಿಗೆ ಒಂದೊಂದು ಸಾಲು; ಮೂವತ್ತೆರಡು ಸಾಲು ದಾಟಿದರೆ ಮೊದಲ ಸಾಲು ಪರದೆಯಿಂದ ಮರೆಯಾಗುತ್ತಿತ್ತು. ಕಳೆದುಹೋಗುತ್ತಿರಲಿಲ್ಲ, ಕೆಳಗಿನ ಬಾಣದ ಕೀಲಿಯನ್ನು ಎರಡು ಸಲ ಒತ್ತಿ ಮತ್ತೆ ಮೇಲೆ ಬಂದರೆ ಕಾಣಿಸುತ್ತಿತ್ತು. ಬುಧವಾರ ಸಂಜೆ ವೈದ್ಯರ ಅಚ್ಚುಗಳು ಬರುತ್ತಿದ್ದವು, ಗುರುವಾರ ಪಟ್ಟಿ ಉದ್ದವಾಗುತ್ತಿತ್ತು, ಫೋನ್ ಬರುತ್ತಿತ್ತು. ಕೈ ಕೀಲಿಮಣೆಯ ಮೇಲೇ ಇರಲಿ ಎಂದು ಅವನು ಫೋನನ್ನು ಸ್ಪೀಕರಿಗೆ ಹಾಕಿ ಇಡುತ್ತಿದ್ದ. ಹಾಗಾಗಿ ನನಗೂ ಎಲ್ಲ ಕೇಳಿಸುತ್ತಿತ್ತು.

"ಮತ್ತೆ ಒಬ್ಬರ ಹಲ್ಲು ಕಾಣ್ತಾ ಇಲ್ಲ ನೋಡಿ."

"ಕೆಳಗಿನ ಬಾಣ ಎರಡು ಸಲ ಒತ್ತಿ."

"ಒತ್ತಿದೆ. ಹಾಂ, ಬಂದ್ರು ಬಂದ್ರು. ಎಲ್ಲಿಗೆ ಹೋಗಿದ್ರೋ ಏನೋ."

ಆಮೇಲೆ ಹತ್ತು ನಿಮಿಷ ಮಾತು. ಒಬ್ಬ ಮುದುಕ ತನ್ನ ಹಳೆಯ ಸೊಟ್ಟ ಹಲ್ಲನ್ನೇ ಹೊಸ ಸೆಟ್ಟಿನಲ್ಲೂ ಇಡಬೇಕೆಂದು ಹಟ ಹಿಡಿದಿದ್ದಾನೆ, ಇಲ್ಲದಿದ್ದರೆ ಮೊಮ್ಮಕ್ಕಳಿಗೆ ಗುರುತು ಸಿಗುವುದಿಲ್ಲವಂತೆ. ಒಬ್ಬ ನಾಟಕದವಳಿಗೆ ಬಿಳಿ ಬೇಡ, ಸ್ವಲ್ಪ ಹಳದಿಯೇ ಬೇಕು. ಒಬ್ಬರು ಇಡೀ ಬಾಯಿ ಕಟ್ಟಿಸಿಕೊಂಡ ವಾರವೇ ವೈದ್ಯರು ಗಟ್ಟಿ ಪದಾರ್ಥ ಮುಟ್ಟಬೇಡಿ ಎಂದರಂತೆ. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಿದ್ರು ನಮ್ಮಪ್ಪ. ಇವರಿಗೆ ಎರಡೂ ಇದೆ, ಅಪ್ಪಣೆ ಇಲ್ಲ," ಅಂದಳು ಆಕೆ. ಹಮಾಲಿ ನಕ್ಕ. ಅವನು ಶಬ್ದ ಮಾಡಿ ನಗುತ್ತಿದ್ದದ್ದು ಗುರುವಾರ ಮಾತ್ರ.

ಹದಿನಾಲ್ಕು ವರ್ಷ ಅದೇ ಒಂದು ಕೀಲಿ, ಎರಡು ಸಲ. ಮಗುವಾದರೂ ಕಲಿಯುತ್ತಿತ್ತು. ಆಕೆ ಕಲಿಯಲಿಲ್ಲ, ಇವನು ಕಲಿಸಲಿಲ್ಲ. ಇದನ್ನೆಲ್ಲ ಮುಂದಿನ ಮೇಜಿನಿಂದ ಕೇಳುತ್ತಿದ್ದ ನಾನು, ಪಾಪ, ಎಂಥ ಕಿರಿಕಿರಿ ಇವನಿಗೆ ಎಂದುಕೊಳ್ಳುತ್ತಿದ್ದೆ.

ಕಳೆದ ವರ್ಷ ಆಕೆಯ ಸೋದರಳಿಯ ಕಾರ್ಖಾನೆಯ ಆಡಳಿತಕ್ಕೆ ಬಂದ. ಹಳೆಯ ಕಂಪ್ಯೂಟರು ಇವತ್ತೋ ನಾಳೆಯೋ ಅನ್ನುವಂತಿತ್ತು. ಎಲ್ಲವೂ ಟ್ಯಾಬ್ಲೆಟ್ಟಿನಲ್ಲಿ ನಡೆಯಬೇಕು, ಎರಡು ಬಗೆಯ ಫೋನಿನಲ್ಲೂ ಕಾಣಬೇಕು ಎಂದ. ಕೆಲಸ ಹಮಾಲಿಗೇ ಬಂತು. ಪರೀಕ್ಷೆ ಎಂದಿನಂತೆ ನನ್ನದು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಪ್ರೋಗ್ರಾಮನ್ನು ಸಾಗಿಸುವಾಗ ಅದರ ತಪ್ಪುಗಳನ್ನು ಕಂಡಕಂಡ ಹಾಗೆ ತಿದ್ದುವಂತಿಲ್ಲ. ಜನರ ಕೈ ಆ ತಪ್ಪುಗಳಿಗೇ ಒಗ್ಗಿಹೋಗಿರುತ್ತದೆ. ಎಲ್ಲೋ ಒಂದು ಕಡೆ ಚೀಟಿ ಎರಡೆರಡು ಅಚ್ಚಾಗುತ್ತಿರುತ್ತದೆ. ಅದು ತಪ್ಪು, ಆದರೆ ಎರಡನೆಯದನ್ನು ಡಬ್ಬಿಗೆ ಅಂಟಿಸಿಕೊಂಡು ಯಾರೋ ಬದುಕುತ್ತಿರುತ್ತಾರೆ. ತಿದ್ದಿದರೆ ಅವರ ಕೆಲಸ ನಿಂತಿತು. ಆದ್ದರಿಂದ ಹಮಾಲಿ ಪ್ರತಿ ಕೆಲಸಕ್ಕೂ ಒಂದು ಪಟ್ಟಿ ಮಾಡುತ್ತಿದ್ದ. ತಲೆಬರಹ: ಉಳಿಸಬೇಕಾದ ತಪ್ಪುಗಳು. ಎಡಗಡೆ ತಪ್ಪು, ಬಲಗಡೆ ಉಳಿಸಲು ಕಾರಣ. ಕಾರಣವಿಲ್ಲದ ತಪ್ಪಿಗೆ ಜಾಗವಿಲ್ಲ. ಈ ನಿಯಮವನ್ನು ನಾವಿಬ್ಬರೂ ಸೇರಿಯೇ ಮಾಡಿಕೊಂಡಿದ್ದು.

ಏಳು ವಾರದ ನಂತರ ಹಲ್ಲಿನ ಕಾರ್ಖಾನೆಯ ಪಟ್ಟಿ ನನ್ನ ಕೈಗೆ ಬಂತು. ಹನ್ನೊಂದು ತಪ್ಪು. ಹತ್ತಕ್ಕೆ ಕಾರಣ ಇತ್ತು. ಹನ್ನೊಂದನೆಯದು ಮೂವತ್ತೆರಡು ಸಾಲಿನದು. ಅದರ ಎದುರು ಖಾಲಿ.

"ಇದಕ್ಕೆ ಕಾರಣ ಎಲ್ಲಿ?" ಅಂದೆ.

"ರೂಢಿಯಾಗಿದೆ ಅಕ್ಕ. ಇರಲಿ."

"ಯಾರಿಗೆ ರೂಢಿ?"

ಅವನು ಪರದೆ ನೋಡುತ್ತ ಕೂತ. ನನಗೆ ಸಿಟ್ಟು ಬಂತು. ಸೋಮಾರಿತನ ಎಂದುಕೊಂಡೆ. "ಒಬ್ಬರ ಹಲ್ಲು ಮಾಯ ಆಗೋದು ರೂಢಿ ಅಂತೆ. ಬರೆಯೋಕೆ ಕಾರಣ ಇಲ್ಲ ಅಂದ್ಮೇಲೆ ತಿದ್ದು," ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ವರದಿಯಲ್ಲಿ ಅದನ್ನು ಮೊದಲನೆಯದಾಗಿ ಹಾಕಿ, ಗಂಭೀರ ದೋಷ ಎಂದು ಕೆಂಪಿನಲ್ಲಿ ಬರೆದೆ. ವರದಿಯ ಪ್ರತಿ ಕಾರ್ಖಾನೆಗೂ ಹೋಗಬೇಕು. ಹೋಯಿತು. ಮೂರೇ ನಿಮಿಷದಲ್ಲಿ ಸೋದರಳಿಯನ ಉತ್ತರ: ಕೂಡಲೇ ಸರಿಪಡಿಸಿ, ಈ ತೊಂದರೆಯಿಂದ ಅತ್ತೆಗೆ ಸಾಕಾಗಿದೆ.

ಆ ಮಧ್ಯಾಹ್ನವೇ ಸರಿಪಡಿಸಿದ. ನಾನು ಮೂವತ್ಮೂರು ಸಾಲು ಹಾಕಿ ನೋಡಿದೆ, ನಲವತ್ತು ಹಾಕಿ ನೋಡಿದೆ, ಮುನ್ನೂರು ಹಾಕಿ ನೋಡಿದೆ. ಮೊದಲ ಸಾಲು ಅಲ್ಲಾಡಲಿಲ್ಲ. ಭೇಷ್ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಟ್ಯಾಬ್ಲೆಟ್ಟು ಕಾರ್ಖಾನೆಗೆ ಹೋದ ಮೇಲಿನ ಮೊದಲ ಗುರುವಾರ ಹನ್ನೊಂದಕ್ಕೆ ಅವನು ಫೋನನ್ನು ಎದುರಿಗೆ ಇಟ್ಟುಕೊಂಡು ಕೂತಿದ್ದ. ಬರಲಿಲ್ಲ. ಹೊಸದು, ಇನ್ನೂ ಕಲಿಯುತ್ತಿರಬಹುದು ಅಂದ. ಎರಡನೆಯ ಗುರುವಾರ ಫೋನನ್ನು ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತ. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಕೆಳಗೆ ಗಾಜು ಕತ್ತರಿಸುವ ಸದ್ದು ಮಾತ್ರ ಬರುತ್ತಿತ್ತು. ಮೂರನೆಯ ಗುರುವಾರ ನನ್ನ ಮೇಜಿಗೆ ಬಂದು, "ಅಕ್ಕ, ನಿಮ್ಮ ಫೋನಿಂದ ನನಗೊಂದು ಕರೆ ಮಾಡ್ತೀರಾ? ರಿಂಗ್ ಆಗುತ್ತಾ ನೋಡೋಣ," ಅಂದ.

ಮಾಡಿದೆ. ರಿಂಗ್ ಆಯಿತು. "ಸರಿ ಇದೆ," ಎಂದು ಹೇಳಿ ಹೋಗಿ ಕೂತ.

ಅವತ್ತು ನನಗೆ ಅನುಮಾನ ಬಂತು. ಪ್ರೋಗ್ರಾಮಿನಲ್ಲಿ ಯಾವ ದಿನ ಯಾರು ಏನು ಬದಲಿಸಿದರು ಎಂಬ ದಾಖಲೆ ಇರುತ್ತದೆ. ಅದನ್ನು ತೆಗೆದು ನೋಡಿದೆ. ಹೊಸ ಯಂತ್ರದಲ್ಲಿ ಮೂವತ್ತೆರಡರ ಮಿತಿಯೇ ಇಲ್ಲ. ಆ ತಪ್ಪು ಅಲ್ಲಿ ತಾನಾಗಿ ಬರಲು ಸಾಧ್ಯವೇ ಇಲ್ಲ. ಹಮಾಲಿ ಎರಡು ದಿನ ಕೂತು, ಅದಕ್ಕೆಂದೇ ನಲವತ್ತು ಸಾಲು ಕೋಡ್ ಬರೆದು, ಮೂವತ್ತೆರಡು ದಾಟಿದರೆ ಮೊದಲನೆಯದು ಮರೆಯಾಗುವಂತೆ, ಎರಡು ಸಲ ಕೆಳಗೆ ಹೋಗಿ ಬಂದರೆ ಕಾಣುವಂತೆ, ಕಟ್ಟಿದ್ದ. ಬಾಣದ ಕೀಲಿ ಇಲ್ಲದ ಟ್ಯಾಬ್ಲೆಟ್ಟಿಗೆ ಬೆರಳಿನಿಂದ ಎರಡು ಸಲ ಸರಿಸುವ ಏರ್ಪಾಡು ಮಾಡಿದ್ದ. ಅವನ ಕೆಲಸದಲ್ಲಿ ಅಷ್ಟು ಅಚ್ಚುಕಟ್ಟಾದದ್ದನ್ನು ನಾನು ನೋಡಿರಲಿಲ್ಲ. ನನ್ನ ಕೆಂಪು ವರದಿ ಹೋದ ಮಧ್ಯಾಹ್ನ ಆ ನಲವತ್ತೂ ಸಾಲನ್ನು ಅಳಿಸಿದ್ದ. ನನಗೆ ನಾಚಿಕೆಯಾಯಿತು. ಬೇರೆ ಮಾತು ಇದಕ್ಕೆ ಇಲ್ಲ.

ಮುಂದಿನ ಗುರುವಾರ ಹನ್ನೊಂದೂವರೆಗೆ ಕುರ್ಚಿ ತಿರುಗಿಸಿ ಹೇಳಿದೆ: "ನೀನೇ ಮಾಡು."

"ಏನಂತ ಮಾತಾಡ್ಲಿ?"

"ಹೇಗಿದ್ದೀರಿ ಅಂತ ಕೇಳು. ಜನ ಹಾಗೇ ಕೇಳೋದು."

ಫೋನನ್ನು ಎರಡು ಸಲ ಎತ್ತಿ ಇಟ್ಟ. ಆಮೇಲೆ ಮಾಡಿದ. ಅಭ್ಯಾಸದಂತೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಆ ಕಡೆ ಹಲ್ಲಿನ ಸೆಟ್ಟು ಉಜ್ಜಿ ನಯ ಮಾಡುವ ಯಂತ್ರದ ಸದ್ದು ಕೇಳಿಸಿ, ನಿಂತಿತು.

"ಏನಾಯ್ತು?" ಆಕೆಯ ದನಿಯಲ್ಲಿ ಗಾಬರಿ. "ಏನಾದ್ರೂ ಕೆಟ್ಟಿದೆಯಾ?"

"ಇಲ್ಲ, ಇಲ್ಲ. ಎಲ್ಲಾ ಕಾಣ್ತಾ ಇದೆಯಾ ಅಂತ ಕೇಳೋಣ ಅಂತ."

"ಎಲ್ಲರ ಹಲ್ಲೂ ಕಾಣ್ತಾ ಇದೆ. ನಿನ್ನೆ ನಲವತ್ತಾರು ಬಂದಿತ್ತು, ಒಂದೂ ತಪ್ಪಿಸಿಕೊಳ್ಳಲಿಲ್ಲ. ತುಂಬ ಚೆನ್ನಾಗಿ ಮಾಡಿಕೊಟ್ಟಿದ್ದೀರಿ."

"ಹೌದಾ."

"ಹೌದು."

ನಾನು ಅವನಿಗೆ ಸನ್ನೆ ಮಾಡಿದೆ, ಕೇಳು, ಕೇಳು ಎಂದು. ಅವನು ನನ್ನ ಕಡೆ ನೋಡಲಿಲ್ಲ.

ಆಕೆಯೇ ಮಾತು ತೆಗೆದಳು. "ನಮ್ಮ ಅಳಿಯ ಬೈದ. ಪ್ರತಿ ವಾರ ಅವರಿಗೆ ಫೋನ್ ಮಾಡಿ ತಲೆ ತಿಂತಾ ಇದ್ದೆಯಂತಲ್ಲ, ಅವರಿಗೆ ಬೇರೆ ಕೆಲಸ ಇರಲ್ವಾ ಅಂದ. ನನಗೂ ಹೌದು ಅನ್ನಿಸ್ತು. ಹದಿನಾಲ್ಕು ವರ್ಷ ನಿಮಗೆ ತೊಂದರೆ ಕೊಟ್ಟಿದ್ದೀನಿ ನೋಡಿ."

ಅವನ ಬಾಯಿ ತೆರೆಯಿತು. ಏನೋ ದೊಡ್ಡದನ್ನೇ ಹೇಳುತ್ತಾನೆ ಎಂದುಕೊಂಡೆ.

"ಪರವಾಗಿಲ್ಲ," ಅಂದ. "ತೊಂದರೆ ಏನಿರ್ಲಿಲ್ಲ."

ಆಕೆ ನಕ್ಕಳು. "ನೀವು ಯಾವಾಗ್ಲೂ ಹಾಗೇ ಹೇಳೋರು. ಎಷ್ಟು ಸಲ ಕಾಡಿದ್ರೂ ಪರವಾಗಿಲ್ಲ, ಪರವಾಗಿಲ್ಲ. ದೊಡ್ಡ ಮನಸ್ಸು ನಿಮ್ಮದು. ಇನ್ಮೇಲೆ ಕಾಡಲ್ಲ ಬಿಡಿ. ಇಡ್ಲಾ?"

"ಹೂಂ."

ಯಂತ್ರ ಮತ್ತೆ ಶುರುವಾದದ್ದು ಕೇಳಿಸಿತು, ಆಮೇಲೆ ಕರೆ ಕಡಿಯಿತು. ಅವನು ಫೋನಿನ ಪರದೆ ಆರುವವರೆಗೂ ಅದನ್ನೇ ನೋಡುತ್ತಿದ್ದ. ನಾನು ಎದ್ದು ಹೋಗಿ ಅವನ ಮೇಜಿನ ಪಕ್ಕ ನಿಂತೆ. ಇಪ್ಪತ್ತಾರು ವರ್ಷ ಇನ್ನೊಬ್ಬರ ತಪ್ಪು ಬರೆದವಳಿಗೆ ತನ್ನದನ್ನು ಹೇಳುವುದು ಸುಲಭವಲ್ಲ. ಆದರೂ ಹೇಳಿದೆ. "ಆ ನಲವತ್ತು ಸಾಲು ನೋಡಿದೆ ಕಣೋ. ನನ್ನಿಂದ ತಪ್ಪಾಯ್ತು. ಬರೆಯೋ ಮೊದಲು ನಿನ್ನ ಕೂರಿಸಿಕೊಂಡು ಕೇಳಬೇಕಿತ್ತು."

ಅವನು ಕೀಲಿಮಣೆಯೊಂದನ್ನು ಹತ್ತಿರಕ್ಕೆ ಎಳೆದುಕೊಂಡ.

"ಪರವಾಗಿಲ್ಲ ಅಕ್ಕ," ಅಂದ.