ಗೊಬ್ಬರದ ರಾಶಿಯಲ್ಲಿದ್ದ ಹಳದಿ ಪಟ್ಟಿಯದು

ನಾಲ್ಕುನೂರು ಕಾಳುಮೆಣಸಿನ ಸಸಿಗಳನ್ನು ಅರ್ಧ ಬೆಲೆಗೆ ಕೊಟ್ಟೆ. ಒಂದು ಗೇಣುದ್ದದ ಪ್ರಾಣಿಯ ಹೆಸರು ನನಗೆ ಗೊತ್ತಿರಲಿಲ್ಲ, ಅದೊಂದೇ ಕಾರಣ. ಹೋದ ದುಡ್ಡನ್ನು ಮರೆತಿದ್ದೇನೆ. ವ್ಯಾಪಾರದಲ್ಲಿ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಬರುತ್ತದೆ. ಅದರ ಮರುದಿನ ನನ್ನ ಕೈಯಾರೆ ಮಾಡಿದ ಕೆಲಸವನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ಈ ನರ್ಸರಿ ನನಗೆ ಯಾರೂ ಕೊಟ್ಟದ್ದಲ್ಲ. ಎಣ್ಣೆಯ ಖಾಲಿ ಪ್ಲಾಸ್ಟಿಕ್ ಕೊಟ್ಟೆ ತೊಳೆದು, ಅದರಲ್ಲಿ ಮಣ್ಣು ತುಂಬಿ, ಬಳ್ಳಿಯ ತುಂಡು ಊರಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಲಗೋಳದ ಬಸ್ಸಿನಲ್ಲಿ ಶಿರಸಿಗೆ ಹೋಗಿ ಮಾರಿದವಳು ನಾನು. ಒಂದು ರೂಪಾಯಿ ಇಳಿಸಲು ಬಂದವರು ಎರಡು ಸಸಿ ಹೆಚ್ಚಿಗೆ ಕೊಂಡು ಹೋಗುವಂತೆ ಮಾತಾಡುವುದನ್ನು ಅಲ್ಲೇ ಕಲಿತೆ. ನನ್ನ ಬಂಡವಾಳವೆಂದರೆ ಮನೆ ಹಿಂದಿನ ಗೊಬ್ಬರದ ರಾಶಿ. ಸಗಣಿ, ಸೊಪ್ಪು, ಒಣಗಿದ ಎಲೆಯ ದರಕು ಬಿಟ್ಟರೆ ಅದಕ್ಕೆ ಬೇರೆ ಏನೂ ಬಿದ್ದಿರಲಿಲ್ಲ. "ಈ ಮಣ್ಣಲ್ಲಿ ಒಂದು ಚಿಟಿಕೆ ಹುಳದ ಔಷಧ ತೋರಿಸಿದರೆ ಸಸಿ ಪುಕ್ಕಟೆ" ಎನ್ನುತ್ತಿದ್ದೆ. ಆ ಮಾತಿಗೇ ಜನ ಉಮ್ಮಚಗಿಯಿಂದಲೂ ಹುಡುಕಿಕೊಂಡು ಬರುತ್ತಿದ್ದರು.

ಮೂರು ಮಳೆಗಾಲದ ಹಿಂದಿನ ಮಾತು. ಬನವಾಸಿ ಕಡೆಯ ಗಿರಾಕಿಯೊಬ್ಬ ನಾಲ್ಕುನೂರು ಸಸಿಗೆ ಬೆಲೆ ಒಪ್ಪಿ ಗಾಡಿ ತಂದಿದ್ದ. ಸಸಿ ಸಾಲಿನ ಪಕ್ಕದಲ್ಲೇ ರಾಶಿ. ನನ್ನ ಜೊತೆ ಮೊದಲಿನಿಂದ ಕೆಲಸ ಮಾಡುತ್ತಿರುವ ಹೆಂಗಸು ಅದರ ಅಂಚಿಗೆ ಗುದ್ದಲಿ ಹಾಕಿದಳು. ಮಣ್ಣಿನ ಹೆಂಟೆಯ ಜೊತೆ ಏನೋ ಜಾರಿ ಹೊರಬಂತು. ಎರೆಹುಳ ಎನ್ನಲು ತೀರ ದಪ್ಪ. ಹಾವು ಎನ್ನಲು ತಲೆ ಯಾವುದು, ಬಾಲ ಯಾವುದು ತಿಳಿಯದು. ನೇರಳೆಗಪ್ಪು ಮೈ, ಮೈತುಂಬ ಉಂಗುರದ ಗೆರೆ, ಎರಡೂ ಪಕ್ಕೆಗೆ ಅರಿಸಿನ ಎಳೆದಂಥ ಪಟ್ಟಿ.

"ಏನ್ರಿ ಅಕ್ಕಾರ ಇದು?" ಎಂದ ಗಿರಾಕಿ.

"ಎರೆಹುಳ." ಗೊತ್ತಿಲ್ಲದ್ದನ್ನು ಬೇಗ ಹೇಳಿದರೆ ಗೊತ್ತಿದ್ದ ಹಾಗೆ ಕೇಳುತ್ತದೆ.

"ಇಷ್ಟ್ ದಪ್ಪಂದು ನಿಮ್ಮಜ್ಜ ಕಂಡಿದ್ನೇನ್ರಿ? ಬೇರು ತಿನ್ನೋ ಹುಳ ಇದು. ಈ ಮಣ್ಣು ನಮ್ಮ ತ್ವಾಟಕ್ಕ ಬ್ಯಾಡ್ರಿ."

ಕೆಲಸದವಳು ಗುದ್ದಲಿ ಊರಿ ನಿಂತಳು. "ಅಮಾ, ಅದು ಹುಳನೂ ಅಲ್ಲ ಹಾವೂ ಅಲ್ರಾ. ಗದ್ದೆ ಅಂಚಲ್ಲೂ ಇರ್ತದೆ. ಮೊಟ್ಟೆ ಸುತ್ಕಂಡು ಕೂತಿರ್ತದೆ, ಎಂತದೂ ಮಾಡೂದಿಲ್ಲ. ಮುಚ್ಚಿ ಬಿಡ್ವ."

"ನೀ ಸುಮ್ನಿರೆ ಮಾರಾಯ್ತಿ, ವ್ಯಾಪಾರದ ಮಧ್ಯ ಎಂತಕ್ಕೆ ಬಾಯಿ ಹಾಕ್ತೆ?" ಎಂದು ಗದರಿದೆ.

ಅಷ್ಟರಲ್ಲಿ ಅದು ತಾನಾಗಿಯೇ ರಾಶಿಯೊಳಕ್ಕೆ ನುಸುಳಿಹೋಯಿತು. ಗಿರಾಕಿ ಗಾಡಿಯ ಕಡೆ ಎರಡು ಹೆಜ್ಜೆ ಇಟ್ಟು ತಿರುಗಿದ. "ನಿಮ್ಮ ಮಕಾ ನೋಡಿ ಅರ್ಧ ರೇಟಿಗೆ ಒಯ್ತೀನ್ರಿ. ಮಣ್ಣು ತೊಳದು ಹಚ್ಚತೀವಿ."

ಬೇಡದ ಮಾಲಿಗೆ ಯಾರೂ ಅರ್ಧ ಬೆಲೆ ಕೊಡುವುದಿಲ್ಲ. ಇದನ್ನು ಹತ್ತಾರು ಜನಕ್ಕೆ ಹೇಳಿಕೊಟ್ಟವಳು ನಾನೇ. ಆದರೆ ನನ್ನ ಮಣ್ಣಿನಲ್ಲಿ ಹುಳವಿದೆ ಎಂದು ಈತ ಸೀಮೆಗೆಲ್ಲ ಸಾರಿಬಿಟ್ಟರೆ ಎಂಬ ಹೆದರಿಕೆಗೆ ಬುದ್ಧಿ ಮಂಕಾಯಿತು. ಕೊಟ್ಟೆ.

ಮರುದಿನ ಶಿರಸಿಯಲ್ಲಿ ಬೀಜ, ಹುಳದ ಔಷಧ ಮಾರುವ ಒಂದು ಅಂಗಡಿಗೆ ಹೋಗಿ, ಅದು ಹೇಗಿತ್ತೆಂದು ಒಂದೂ ಬಿಡದೆ ವರ್ಣಿಸಿದೆ. ಬೇರೆಯವರಿಗೆ ಬೀಜ ತೂಗುತ್ತಿದ್ದ ಅಂಗಡಿಯವನು ತಕ್ಕಡಿಯಿಂದ ಕಣ್ಣು ಎತ್ತಲೇ ಇಲ್ಲ. "ಹಾವೋ ಹುಳವೋ, ಎಂತದಾದ್ರೂ ಇದಕ್ಕೆ ಸಾಯ್ತದೆ ಅಕ್ಕಾ" ಎಂದು ಹರಳು ಔಷಧದ ಚೀಲ ಮುಂದೆ ತಳ್ಳಿದ. ಹೆಸರು ಗೊತ್ತಿಲ್ಲದ ಪ್ರಾಣಿಗೆ ಔಷಧ ಮಾತ್ರ ಗೊತ್ತು! ಆ ಧೈರ್ಯ ಅವನದು. ಅದನ್ನು ಕೊಂಡು ತಂದು ರಾಶಿಯ ಮೇಲೆ ಎರಚಿದ ಕೈ ಮಾತ್ರ ನನ್ನದೇ.

ಔಷಧ ಎರಚಿದ ಮೂರನೆಯ ದಿನ ಸಿದ್ದಾಪುರದ ಮೇಷ್ಟ್ರೊಬ್ಬರು ಬಳ್ಳಿ ಕೇಳಿಕೊಂಡು ಬಂದರು. ರಜೆಯಿಡೀ ಹಳ್ಳದ ಬದಿಯಲ್ಲಿ ಕಪ್ಪೆಯ ಫೋಟೋ ತೆಗೆಯುತ್ತಾ ತಿರುಗುವ ಮನುಷ್ಯ. ನಾವೆಲ್ಲ ಬೆನ್ನಹಿಂದೆ ನಗುವುದು ವಾಡಿಕೆ. ಅವರು ಬಂದ ಹೊತ್ತಿಗೆ ಕೆಲಸದವಳು ರಾಶಿಯನ್ನು ಕೆದಕುತ್ತಿದ್ದಳು. ನಡುವೆ ಒಂದು ಗೂಡಿನಂಥ ಪೊಳ್ಳು. ಒಳಗೆ ಆ ಹಳದಿ ಪಟ್ಟಿಯದು ಸಿಂಬೆ ಸುತ್ತಿ ಸತ್ತು ಬಿದ್ದಿತ್ತು. ಸಿಂಬೆಯ ಒಳಗೆ, ನೀರಲ್ಲಿ ನೆನೆದ ಬಟಾಣಿಯಂತೆ, ಒಂದಕ್ಕೊಂದು ಅಂಟಿದ ಮೊಟ್ಟೆಗಳು.

ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತರು. "ಅಯ್ಯೋ ಅಕ್ಕಾ, ಇದು ಸಿಸಿಲಿಯನ್. ಕಪ್ಪೆ ಸಂಬಂಧಿ."

"ಕಾಲೇ ಇಲ್ಯಲೋ!" ಎಂದೆ.

"ಕಾಲು ಇಲ್ದಿದ್ದ ಜಾತಿ ಇದು. ಮಣ್ಣೊಳಗೆ ಗೆದ್ದಲು, ಹುಳ ತಿಂದು ಬದುಕ್ತು. ಬೇರಿಗೆ ಬಾಯಿ ಹಾಕ್ತಿಲ್ಲೆ. ಮೊಟ್ಟೆ ಒಡೆಯೋ ತನಕ ತಾಯಿ ಹಿಂಗೇ ಸುತ್ಕಂಡು ಕಾಯ್ತು. ವಿಷ ಬಿದ್ದ ಮಣ್ಣಲ್ಲಿ ಉಳೀತಿಲ್ಲೆ. ಯಂತ ಹಾಕಿದ್ದೆ ಇದಕ್ಕೆ?"

ಔಷಧದ ವಾಸನೆಯೇ ಹೇಳುತ್ತಿತ್ತು. ಕೆಲಸದವಳು ಮೊಟ್ಟೆಗಳನ್ನು ಒಂದು ಅಡಿಕೆ ಹಾಳೆಯ ಮೇಲೆ ಎತ್ತಿಟ್ಟು, "ಹೇಳಿದ್ನಲ್ರಾ" ಎಂದಳು. ಅಷ್ಟೇ. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಔಷಧವಿಲ್ಲದ ಮಣ್ಣು ಎಂದು ನಾನು ವರ್ಷಗಟ್ಟಲೆ ಬಾಯಲ್ಲಿ ಹೇಳುತ್ತಿದ್ದುದಕ್ಕೆ ಜೀವಂತ ಸಾಕ್ಷಿ ಆ ರಾಶಿಯೊಳಗೇ ಕೂತಿತ್ತು. ಅದನ್ನು ಔಷಧ ಹಾಕಿ ಕೊಂದೆ. ಆ ರಾಶಿಯಿಂದ ಆಮೇಲೆ ಒಂದು ಬುಟ್ಟಿ ಗೊಬ್ಬರವನ್ನೂ ಸಸಿಗೆ ಬಳಸಲಿಲ್ಲ.

ಮುಂದಿನ ವರ್ಷ ಅದೇ ಗಿರಾಕಿ ಬಂದ. "ಅಕ್ಕಾರ, ನಿಮ್ಮ ಸಸಿ ಒಂದೂ ಸಾಯ್ಲಿಲ್ರಿ. ಅದ ಮಣ್ಣಿಂದು ಇನ್ನ ಐನೂರು ಕೊಡ್ರಿ."

"ಬೇರು ತಿನ್ನುವ ಹುಳ ಇತ್ತಲ್ಲ?"

ಅವನು ಗಹಗಹಿಸಿ ನಕ್ಕ. "ಅದಾ? ನಮ್ಮ ಗದ್ದಿ ಬದುವಿನ್ಯಾಗೂ ಅದಾವ್ರಿ, ಏನೂ ಮಾಡಂಗಿಲ್ಲ. ವ್ಯಾಪಾರ ಅಂದಮ್ಯಾಲೆ ಒಂದ್ ಮಾತು ಹೇಳಬೇಕಲ್ರಿ. ನೀವು ಹೇಳಂಗಿಲ್ಲೇನು?"

ಹೇಳುತ್ತೇನೆ. ಬೇಕಾದಷ್ಟು ಹೇಳಿದ್ದೇನೆ. ಅವನ ಕೆನ್ನೆಗೆ ಬಾರಿಸಬೇಕೆಂದು ಎದ್ದ ಕೈ ಅದಕ್ಕೇ ಅಲ್ಲೇ ನಿಂತಿತು.

"ಆ ಮಣ್ಣು ಈಗ ಇಲ್ಲ. ನಿಮ್ಮ ಒಂದು ಮಾತಿಗೆ ಅದಕ್ಕೆ ವಿಷ ಹಾಕಿದೆ. ಹೊಸ ರಾಶಿ ಕಳಿತು ಗೊಬ್ಬರವಾಗುವವರೆಗೆ ಯಾರಿಗೂ ಸಸಿ ಇಲ್ಲ. ನಿಮಗಂತೂ ಆಮೇಲೂ ಇಲ್ಲ."

"ಸಿಟ್ಟಾಗಬ್ಯಾಡ್ರಿ, ಎರಡ್ ರೂಪಾಯಿ ಮ್ಯಾಲೆ ಹಾಕ್ತೀನಿ…"

ಗೇಟು ಹಾಕಿಕೊಂಡೆ. ನನ್ನ ಜನ್ಮದಲ್ಲಿ ಏರುತ್ತಿದ್ದ ಬೆಲೆಗೆ ಬಾಗಿಲು ಹಾಕಿದ್ದು ಅದೊಂದೇ ಸಲ.

ನಿಮ್ಮ ಹಿತ್ತಿಲಲ್ಲಿ ಇಂಥದ್ದು ಕಂಡರೆ ಮೊದಲು ಗುದ್ದಲಿ ಬದಿಗಿಡಿ. ಕೈ ಹಾಕದೆ, ದೂರದಿಂದಲೇ ಮೈ ನೋಡಿ. ಹುರುಪೆ ಹುರುಪೆಯಾಗಿ ಒಣಗಿದ ಮೈಯಾದರೆ ಹಾವಿರಬಹುದು, ಅದರ ದಾರಿಗೆ ಬಿಡಿ. ಲೋಳೆಯ ಮೈ, ಉಂಗುರದ ಗೆರೆ, ಇದ್ದೂ ಇಲ್ಲದಂಥ ಸಾಸಿವೆಯಷ್ಟು ಕಣ್ಣು ಇದ್ದರೆ ಮುಕ್ಕಾಲು ಪಾಲು ಇದೇ. ಹಳದಿ ಪಟ್ಟಿ ಎಲ್ಲದಕ್ಕೂ ಇರುವುದಿಲ್ಲ. ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಒಂದು ಫೋಟೋ ತೆಗೆಯಿರಿ, ಅಳತೆ ತಿಳಿಯುತ್ತದೆ. ಬಿಸಿಲಿಗೆ ಒಣಗುವ ಮೊದಲು ಎದ್ದ ಜಾಗದಲ್ಲೇ ಹಸಿ ಮಣ್ಣು ಮುಚ್ಚಿ. ಆಮೇಲೆ ಬಲ್ಲವರನ್ನು ಕೇಳಿ. ಆದರೆ ಕೇಳುವ ಮೊದಲು ಆ ಮನುಷ್ಯ ಏನು ಮಾರಲು, ಏನು ಕೊಳ್ಳಲು ಬಂದಿದ್ದಾನೆ ನೋಡಿಕೊಳ್ಳಿ. ಪಕ್ಕದಲ್ಲಿ ಗುದ್ದಲಿ ಹಿಡಿದವಳು ಏನಾದರೂ ಹೇಳಿದರೆ ಚೌಕಾಸಿ ನಿಲ್ಲಿಸಿ ಪೂರ್ತಿ ಕೇಳಿ. ಗಿರಾಕಿ ಎಲ್ಲಿಗೂ ಹೋಗುವುದಿಲ್ಲ, ಅವನಿಗೆ ಸಸಿ ಬೇಕು.