ಹತ್ತು ಬೆರಳಿಗೂ ಒಂದೇ ಗೆರೆ

೨೦೦೭ರ ಮಾತು. ನಾನಾಗ ಇಂದಿರಾನಗರದ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದೆ. ರಾಮಮೂರ್ತಿ ನಗರದ ಬಾಡಿಗೆ ಮನೆಯಿಂದ ಎರಡು ಬಸ್ ಹಿಡಿದು ಹೋಗುತ್ತಿದ್ದೆ. ಐಬ್ರೋ, ಫೇಶಿಯಲ್ ಅಲ್ಲಿ ಎಲ್ಲರಿಗೂ ಬರುತ್ತಿತ್ತು. ಆದರೆ ಅಕ್ರಿಲಿಕ್ ಎಂಬ ಅಂಟಿನಂಥ ಲೇಪದಿಂದ ಕೃತಕ ಉಗುರು ಕೂರಿಸುವುದು ನನಗೊಬ್ಬಳಿಗೇ ಗೊತ್ತಿತ್ತು. ಶಿವಾಜಿನಗರದ ಹತ್ತಿರ ಒಬ್ಬ ಆಂಗ್ಲೋ ಇಂಡಿಯನ್ ಟೀಚರ್ ಬಳಿ ಮೂರು ತಿಂಗಳು ಕಲಿತು ಬಂದಿದ್ದೆ. ಹಾಗಾಗಿ ನನಗೆ ಸ್ವಲ್ಪ ಕೊಂಬು ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಕೆಲಸದಲ್ಲಿ ಯಾರಾದರೂ ತಪ್ಪು ಹುಡುಕಿದರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಂಗಳವಾರ ಕಗ್ಗದಾಸಪುರದಿಂದ ವಿದ್ಯಾ ಎಂಬ ಹುಡುಗಿ ಬಂದಳು. ಭಾನುವಾರ ಅವಳ ನಿಶ್ಚಿತಾರ್ಥ. ಜೊತೆಗಿದ್ದವರು ಅವಳ ತಾಯಿಯಲ್ಲ, ಅತ್ತೆಯಾಗುವವರು. ಹೆಣ್ಣಿನ ಅಲಂಕಾರವನ್ನು ಗಂಡಿನ ಕಡೆಯವರೇ ಮಾಡಿಸುವುದು ಅವರ ಮನೆಯ ಪದ್ಧತಿಯಂತೆ. ಆಯಮ್ಮ ಸೋಫಾದಲ್ಲಿ ಆರಾಮಾಗಿ ಕುಳಿತು, "ಉಂಗುರ ಹಾಕೋವಾಗ ಫೋಟೋದವರು ಬೆರಳನ್ನೇ ಹಿಡೀತಾರೆ ಕಣಮ್ಮಾ. ಚೆನ್ನಾಗ್ ಮಾಡ್ಕೊಡು" ಎಂದರು. ಸೊಸೆಯನ್ನು ನೋಡುವಾಗ ಅವರ ಕಣ್ಣಿನಲ್ಲಿ ನಿಜವಾಗಿಯೂ ಅಕ್ಕರೆಯಿತ್ತು.

ಒಳಗಿನ ಉಗುರು ತಿಳಿಯಾಗಿ ಕಾಣಬೇಕು, ತುದಿ ಮಾತ್ರ ಬೆಳ್ಳಗಿರಬೇಕು, ಅಂಥದ್ದೇ ಬೇಕು ಎಂದು ಅವರೇ ಆರಿಸಿದರು. ಹಳೆಯ ಬಣ್ಣ ಒರೆಸುವಾಗ ಅವಳ ಉಗುರು ಸ್ವಲ್ಪ ಉಬ್ಬುತಗ್ಗಾಗಿದೆ ಎನ್ನಿಸಿತ್ತು. ಆದರೆ ಇನ್ನೂ ಇಬ್ಬರು ಕಾಯುತ್ತಿದ್ದರು. ಫೈಲ್ ಉಜ್ಜಿ, ತುದಿಗೆ ಪ್ಲಾಸ್ಟಿಕ್ ಟಿಪ್ ಅಂಟಿಸಿ, ಮೇಲೆ ಅಕ್ರಿಲಿಕ್ ಎಳೆದು ಕಳಿಸಿಬಿಟ್ಟೆ. ಪಕ್ಕದ ಕುರ್ಚಿಯಲ್ಲಿ ಸೆಲ್ವಿ ಅಕ್ಕ ಅವಳ ತಲೆ ಬಾಚಿ, ಭಾನುವಾರಕ್ಕೆ ಎಂಥ ಜಡೆ ಒಪ್ಪುತ್ತದೆ ಎಂದು ಹಾಕಿ ನೋಡಿದ್ದಳು. ಸೆಲ್ವಿ ಅಕ್ಕ ಹಲಸೂರಿನವಳು, ಪಾರ್ಲರಿನಲ್ಲಿ ಎಲ್ಲರಿಗಿಂತ ಹಳಬಳು.

ಗುರುವಾರ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮತ್ತೆ ಬಂದರು. ಈ ಸಲ ಆಯಮ್ಮ ಕುಳಿತುಕೊಳ್ಳಲಿಲ್ಲ. ವಿದ್ಯಾಳ ಕೈ ಎತ್ತಿ ಹಿಡಿದು, "ಏನಮ್ಮಾ ಇದು? ಎರಡೇ ದಿನಕ್ಕೆ ಒಳಗಡೆ ಗೆರೆ ಬಿದ್ದಿದೆ! ಫೋಟೋದಲ್ಲಿ ಬಿರುಕು ಬಿಟ್ಟಂಗೆ ಕಾಣಲ್ವಾ?" ಎಂದರು.

ನೋಡಿದರೆ ಹೌದು. ಪ್ರತಿ ಉಗುರಿನ ಮಧ್ಯದಲ್ಲೂ ಅಡ್ಡಲಾಗಿ ತೆಳ್ಳಗೆ ಒಂದು ಬಿಳಿ ಗೆರೆ.

ಒಳಗಿನಿಂದ ನಮ್ಮ ಓನರ್ ಮೇಡಂ ಬಂದು ನಿಂತರು. "ಏನ್ ಮಾಡಿದೀಯ ನೋಡು. ಬರಲ್ಲ ಅಂದ್ರೆ ಬರಲ್ಲ ಅನ್ಬೇಕು" ಎಂದು ಎಲ್ಲರ ಎದುರೇ ಅಂದುಬಿಟ್ಟರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಟೇಬಲ್ ಲ್ಯಾಂಪ್ ಹಾಕಿ ವಿದ್ಯಾಳ ಕೈಯನ್ನು ಟವೆಲ್ ಮೇಲೆ ಎಳೆದುಕೊಂಡೆ. ತಪ್ಪು ಎಲ್ಲಿದೆ ಎಂದು ಹುಡುಕಿಯೇ ಬಿಡುತ್ತೇನೆ ಎಂಬ ಹಟ.

ಮೊದಲು ಮೇಲ್ಗಡೆ ಎಣ್ಣೆ ಸವರಿದೆ. ಫೈಲಿನ ಗೀರಾಗಿದ್ದರೆ ಎಣ್ಣೆಗೆ ಮಾಯವಾಗಬೇಕಿತ್ತು, ಆಗಲಿಲ್ಲ. ಟಿಪ್ ಅಂಟಿಸಿದ ಅಂಚು ಕಾಣುತ್ತಿದೆಯೇ ಎಂದು ನೋಡಿದೆ. ಆ ಅಂಚು ಇನ್ನೂ ಮುಂದೆ, ತುದಿಯ ಹತ್ತಿರ ಇತ್ತು. ಹಾಗಾದರೆ ಒಳಗೆ ಗಾಳಿ ಸೇರಿರಬೇಕು. ಸೇರಿದರೆ ಒಂದೆರಡು ಬೆರಳಲ್ಲಿ ಸೇರೀತು. ಹತ್ತಕ್ಕೆ ಹತ್ತರಲ್ಲೂ ಒಂದೇ ಜಾಗದಲ್ಲಿ ಹೇಗೆ ಸೇರುತ್ತದೆ?

"ಒಂದು ತೆಗೆದು ನೋಡ್ತೀನಿ" ಎಂದೆ.

ವಿದ್ಯಾ ಅವತ್ತು ಮೊದಲ ಸಲ ಬಾಯಿ ಬಿಟ್ಟಳು. "ಬೇಡ ಅಕ್ಕಾ. ಮೇಲೆ ಯಾವ್ದಾದ್ರೂ ದಪ್ಪ ಕಲರ್ ಹಾಕ್ಬಿಡಿ. ಗೆರೆ ಮುಚ್ಚೋಗುತ್ತೆ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಗುಲಾಬಿ ಬಣ್ಣ ಎರಡು ಕೋಟ್ ಎಳೆದಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಬಣ್ಣ ಹಚ್ಚಿ ಮುಚ್ಚಿದರೆ ತಪ್ಪು ನನ್ನದೇ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ! ನಾನು ಅವಳ ಮಾತಿಗೆ ಕಿವಿಗೊಡದೆ ನಡುಬೆರಳಿಗೆ ಅಸಿಟೋನಿನಲ್ಲಿ ನೆನೆಸಿದ ಹತ್ತಿ ಸುತ್ತಿದೆ.

ಇಪ್ಪತ್ತು ನಿಮಿಷಕ್ಕೆ ಅಕ್ರಿಲಿಕ್ ಮೆತ್ತಗಾಗಿ ಬಿಟ್ಟುಕೊಂಡಿತು. ಒರೆಸಿ ನೋಡಿದೆ. ಗೆರೆ ನಾನು ಹಾಕಿದ್ದರಲ್ಲಿ ಇರಲೇ ಇಲ್ಲ, ಅವಳ ಸ್ವಂತ ಉಗುರಿನಲ್ಲೇ ಇತ್ತು. ಉಗುರಿಗೆ ಅಡ್ಡವಾಗಿ ಸಣ್ಣ ತಗ್ಗು ಬಿದ್ದಿತ್ತು. ಆ ತಗ್ಗಿಗೆ ಅಕ್ರಿಲಿಕ್ ಕೂರದೆ ಮೇಲೆದ್ದು ಬಿಳಿಯಾಗಿ ಕಂಡಿತ್ತು, ಅಷ್ಟೇ. ನನಗೆ ತಕ್ಷಣ ಟೀಚರ್ ಹೇಳಿಕೊಟ್ಟಿದ್ದು ನೆನಪಾಯಿತು. ಎಲ್ಲ ಬೆರಳಲ್ಲೂ ಹೀಗೆ ತಗ್ಗು ಬಿದ್ದಿದ್ದರೆ ಕೆಲವು ತಿಂಗಳ ಹಿಂದೆ ದೊಡ್ಡ ಕಾಯಿಲೆ ಬಂದಿರುತ್ತದೆ. ಆಗ ಉಗುರು ಬೆಳೆಯುವುದು ಸ್ವಲ್ಪ ದಿನ ನಿಂತಿರುತ್ತದೆ. ಗೆರೆ ಎಷ್ಟು ಮೇಲೆ ಬಂದಿದೆ ಎಂದು ನೋಡಿದರೆ ಕಾಯಿಲೆ ಬಂದು ಎಷ್ಟು ತಿಂಗಳಾಯಿತು ಎಂದು ಹೇಳಬಹುದು.

ಟವೆಲ್ ಮರೆಯಲ್ಲಿ ವಿದ್ಯಾ ನನ್ನ ಬೆರಳನ್ನು ಜೋರಾಗಿ ಅದುಮಿದಳು. "ಉರೀತಿದೆಯಾ?" ಎಂದು ಕೇಳಿದೆ. ಅವಳು ತಲೆ ಅಲ್ಲಾಡಿಸಿ ಮತ್ತೆ ಅದುಮಿದಳು. ಹೇಳಬೇಡ ಎಂದು ಬೇಡಿಕೊಳ್ಳುತ್ತಿದ್ದಾಳೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

"ನೋಡಿ ಮೇಡಂ, ನೋಡಿ ಆಂಟಿ, ಇದು ನನ್ ಕೆಲಸದ ತಪ್ಪಲ್ಲ" ಎಂದು ಗೆದ್ದವಳ ಹಾಗೆ ಗಂಟಲೆತ್ತಿದೆ. "ಇವರ ಉಗುರಲ್ಲೇ ಇದೆ. ಎರಡೂವರೆ ಮೂರು ತಿಂಗಳ ಹಿಂದೆ ಇವರಿಗೆ ಏನೋ ದೊಡ್ಡ ಕಾಯಿಲೆ ಆಗಿರ್ಬೇಕು. ಸಣ್ಣ ಪುಟ್ಟ ಜ್ವರಕ್ಕೆಲ್ಲ ಹಿಂಗಾಗಲ್ಲ. ಆಸ್ಪತ್ರೆಗೆ ಸೇರಿದ್ರಾ ನೀವು?"

ವಿದ್ಯಾಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅವಳು ನನ್ನ ಕಡೆ ನೋಡಲಿಲ್ಲ, ಅತ್ತೆಯ ಕಡೆ ನೋಡಿದಳು.

ಆಯಮ್ಮ ಮನಸ್ಸಿನಲ್ಲೇ ತಿಂಗಳು ಲೆಕ್ಕ ಹಾಕಿದರು. ಆಮೇಲೆ ನಿಧಾನವಾಗಿ ಕೇಳಿದರು, "ಹುಡುಗಿ ನೋಡೋಕ್ ಬರ್ತೀವಿ ಅಂದಾಗ ಮೈಸೂರಿಗೆ ಚಿಕ್ಕಮ್ಮನ ಮನೆಗೆ ಹೋಗಿದಾಳೆ, ಮುಂದಿನ ತಿಂಗಳು ಬನ್ನಿ ಅಂದಿದ್ರಲ್ಲ ನಿಮ್ಮಪ್ಪ. ಆವಾಗ್ಲಾ?"

ವಿದ್ಯಾ ತಲೆ ತಗ್ಗಿಸಿದಳು. ಅವಳ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು, ತಣ್ಣಗಾಗಿತ್ತು.

"ಏನಾಗಿತ್ತು?"

"ಜ್ವರ... ತಲೆಗೇರಿತ್ತು ಅತ್ತೆ. ಈಗ ಏನೂ ಇಲ್ಲ. ಡಾಕ್ಟ್ರೇ ಹೇಳಿದಾರೆ."

ಆಯಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. "ಹೇಳ್ಬೋದಿತ್ತಲ್ಲಮ್ಮಾ" ಎಂದಷ್ಟೇ ಅಂದು ಮೊಬೈಲ್ ತೆಗೆದುಕೊಂಡು ಹೊರಗೆ ಹೋದರು. ಗಾಜಿನ ಬಾಗಿಲಾಚೆ ಫುಟ್‌ಪಾತಿನಲ್ಲಿ ನಿಂತು ಬಹಳ ಹೊತ್ತು ಮಾತಾಡಿದರು. ಒಳಗೆ ಬರಲೇ ಇಲ್ಲ. ಅಲ್ಲಿಂದಲೇ ಕೈ ಮಾಡಿ ವಿದ್ಯಾಳನ್ನು ಕರೆದರು. ಒಂಬತ್ತು ಉದ್ದ ಉಗುರು, ಒಂದು ಬೋಳು ಉಗುರು ಹೊತ್ತುಕೊಂಡು ಅವಳು ಎದ್ದು ಹೋದಳು.

ಮೇಡಂ ನನ್ನ ಬೆನ್ನು ತಟ್ಟಿ, "ಸದ್ಯ, ನಮ್ ತಪ್ಪಲ್ಲ" ಎಂದರು. ಆ ಮಾತಿಗಾಗಿಯೇ ನಾನು ಅಷ್ಟೆಲ್ಲ ಮಾಡಿದ್ದು.

ಸೆಲ್ವಿ ಅಕ್ಕ ಕಸ ಗುಡಿಸುತ್ತಾ ನನ್ನ ಹತ್ತಿರ ಬಂದಳು. "ಮಂಗಳವಾರ ತಲೆ ಬಾಚೋವಾಗ ನಾನೂ ನೋಡ್ದೆ ಮಾ. ಕೂದಲು ಹಿಡಿ ಹಿಡಿ ಕೈಗೆ ಬರ್ತಿತ್ತು. ದೊಡ್ಡ ಜ್ವರ ಬಂದು ಎದ್ದವರಿಗೆ ಹಂಗೇ ಬರೋದು. ಆಯಮ್ಮ ನೋಡ್ಬಾರ್ದು ಅಂತ ಏಪ್ರನ್ ಜೇಬಿಗೆ ತುರುಕ್ಕೊಂಡೆ. ಉಳಿದಿದ್ನ ಸವರಿ ಜಡೆ ಹಾಕ್ದೆ, ಮುಗೀತು. ಇಲ್ಲಿಗೆ ಬರೋರ ಮೈಮೇಲೆ ನಾವು ಎಷ್ಟೋ ನೋಡ್ತೀವಿ. ಇನ್ನೊಬ್ರ ಮುಂದೆ ಹೇಳೋದು ನಮ್ ಕೆಲಸ ಅಲ್ಲ ಮಾ." ಅವಳು ಬೈಯಲಿಲ್ಲ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಭಾನುವಾರದ ಅಲಂಕಾರಕ್ಕೆ ಬುಕ್ ಮಾಡಿದ್ದನ್ನು ಗಂಡಿನ ಕಡೆಯವರು ಶುಕ್ರವಾರವೇ ಫೋನ್ ಮಾಡಿ ಬೇಡ ಎಂದರು.

ಸುಮಾರು ಮೂರು ವಾರ ಕಳೆದಿರಬೇಕು. ಒಂದು ದಿನ ಬೆಳಿಗ್ಗೆ, ಪಾರ್ಲರಿನಲ್ಲಿ ಇನ್ನೂ ಯಾರೂ ಗಿರಾಕಿಗಳು ಇಲ್ಲದಾಗ, ಸಾದಾ ಸೀರೆಯುಟ್ಟ ಒಬ್ಬ ಹೆಂಗಸು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. "ಉಗುರು ಮಾಡೋ ಹುಡುಗಿ ಯಾರಮ್ಮಾ?" ಎಂದು ಕೇಳಿದರು. ನಾನೇ ಎಂದೆ. "ನಾನು ವಿದ್ಯಾ ಅಮ್ಮ" ಎಂದರು.

ಬೈಯಲಿ, ಹೊಡೆಯಲಿ, ತಡೆದುಕೊಳ್ಳಬೇಕು ಎಂದುಕೊಂಡು ತಲೆ ತಗ್ಗಿಸಿ ನಿಂತೆ. ಕುರ್ಚಿ ಹಾಕಿದರೆ ಅವರು ತುದಿಯಲ್ಲಿ ಕುಳಿತರು.

"ಹದಿನಾರು ದಿನ ಆಸ್ಪತ್ರೇಲಿದ್ಲು ಕಣಮ್ಮಾ. ಮಿದುಳು ಜ್ವರ. ಪೂರ್ತಿ ವಾಸಿಯಾಗಿದೆ, ಮೊದಲಿನ ಥರಾನೇ ಇದಾಳೆ. ಆದ್ರೆ ನಮ್ಮವರೆಲ್ಲ ಒಂದೇ ಮಾತು. ಮಿದುಳಿಗೆ ಜ್ವರ ಬಂದಿತ್ತು ಅಂತ ಗೊತ್ತಾದ್ರೆ ಯಾರು ಹೆಣ್ಣು ತಗೋತಾರೆ, ಹೇಳ್ಬೇಡಿ ಅಂದ್ರು. ಮುಚ್ಚಿಟ್ವಿ. ಅವ್ರು ಬೇಡ ಅಂದ್ರು. ಸುಳ್ಳು ಹೇಳಿದ್ರಿ ಅಂದ್ರು. ಅದೂ ನಿಜಾನೇ."

ಕ್ಷಮಿಸಿ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮುಂದೆ ಬಾಗಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿ ಕೇಳಿದರು, "ಆ ಗೆರೆ ಯಾವಾಗ ಹೋಗುತ್ತಮ್ಮಾ?"

ನಾನು ಕೆಲಸ ಬಲ್ಲವಳಲ್ಲವೇ. ಲೆಕ್ಕ ಹಾಕಿ ಹೇಳಿದೆ, "ಉಗುರು ಬೆಳೆದ ಹಾಗೆ ತುದಿಗೆ ಬರುತ್ತೆ. ಆಮೇಲೆ ಕತ್ತರಿಸ್ಬೋದು. ಇನ್ನೊಂದು ಎರಡು ತಿಂಗಳು."

"ಹೆಬ್ಬೆರಳಿಂದೂ?"

"ಹೆಬ್ಬೆರಳು ಸ್ವಲ್ಪ ನಿಧಾನ. ಮೂರು ತಿಂಗಳಾಗ್ಬೋದು."

ಅವರು ತಲೆಯಾಡಿಸಿದರು. "ಸರಿ ಹಾಗಾದ್ರೆ. ಅಲ್ಲೀವರ್ಗೂ ಯಾರನ್ನೂ ಹೆಣ್ಣು ನೋಡೋಕೆ ಕರೆಯಲ್ಲ. ಬರ್ತೀನಿ ಕಣಮ್ಮಾ, ಉಪಕಾರವಾಯ್ತು" ಎಂದು ಎದ್ದು ಹೋದರು.

ಉಪಕಾರವಾಯ್ತು ಎಂದರು, ನನಗೆ! ಮೂರು ತಿಂಗಳು ಎಂದು ಎಷ್ಟು ಸರಿಯಾಗಿ ಹೇಳಿದೆ. ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆ ತಾಯಿ ರಸ್ತೆ ದಾಟುವವರೆಗೂ ನೋಡುತ್ತಾ ನಿಂತಿದ್ದೆ. ಓಡಿ ಹೋಗಿ ಹಿಡಿಯಲು ಬೇಕಾದಷ್ಟು ಸಮಯವಿತ್ತು. ಹೋಗಲಿಲ್ಲ.