ನಡುಗುವ ಕೈಯ ಎಂಟು ಸೆಕೆಂಡು

ನನ್ನ ಗಂಡನಿಗೆ ಆಫೀಸಿನಲ್ಲಿ ಬೆರಳು ಮಾಸ್ತರ ಎಂದು ಹೆಸರು. ಕಾರ್ಟೂನ್ ಸಿನಿಮಾ ತಯಾರಿಸುವ ಆಫೀಸು ಅದು. ಮುಖ ಆಡಿಸುವವರು, ಬಟ್ಟೆ ಹಾರಿಸುವವರು, ಹೊಗೆ ಬಿಡುವವರು ಬೇರೆ ಬೇರೆ ಇದ್ದಾರೆ. ಕೈ ಬಂತೆಂದರೆ ಮಾತ್ರ ಎಲ್ಲರೂ ಇವರ ಮೇಜಿಗೆ ತಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಊಟಕ್ಕೆ ಕೂತರೆ ನನ್ನ ಕೈಯನ್ನೇ ನೋಡುತ್ತಿದ್ದರು. ಪ್ರೀತಿ ಅಂದುಕೊಂಡಿದ್ದೆ. ಚಮಚ ಹಿಡಿದಾಗ ಹೆಬ್ಬೆರಳು ಎಲ್ಲಿ ಕೂರುತ್ತದೆ ಎಂದು ನೋಡುತ್ತಿದ್ದರು, ಅಷ್ಟೆ.

ಇಷ್ಟು ವರ್ಷ ಇವರ ಪಾಲಿಗೆ ಬಂದದ್ದೆಲ್ಲ ಜಾಹೀರಾತಿನ ಕೈಗಳು. ಹಲ್ಲುಜ್ಜುವ ಕೈ, ಬಿಸ್ಕತ್ತು ಮುರಿಯುವ ಕೈ, ನೆಲ ಒರೆಸುವ ಕೈ. ಯಜಮಾನರಿಗೆ ಏನು ಕೆಲಸ ಎಂದು ಕೆಳಗಿನ ಮನೆಯಾಕೆ ಕೇಳಿದಾಗ ನಾನು "ಕೈಚಳಕ ತೋರಿಸ್ತಾರೆ" ಎಂದುಬಿಟ್ಟಿದ್ದೆ. ಇವತ್ತಿಗೂ ಆಕೆ ಇವರನ್ನು ಕಂಡರೆ ಚೀಲ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.

ಹೋದ ವರ್ಷ ಒಂದು ಒಳ್ಳೆಯ ಕೆಲಸ ಸಿಕ್ಕಿತು. ಲೋಕವೆಲ್ಲ ಆಡುವ ಒಂದು ವಿಡಿಯೋ ಗೇಮ್. ಆಡುವವರು ತಾವೇ ಒಂದು ಪಾತ್ರವಾಗಿ ಅದರೊಳಗಿನ ಊರೂರು ಅಲೆಯುತ್ತಾರಂತೆ. ಅದರಲ್ಲಿ ಹೆಸರಾಂತ ಬಿಲ್ಲುಗಾರ್ತಿ ಒಬ್ಬಳಿದ್ದಾಳೆ. ಅವಳು ಮನೆ ಬಿಟ್ಟು ಬಂದ ಕಥೆಯನ್ನು ಆಟದಲ್ಲಿ ಎಲ್ಲೂ ತೋರಿಸಿಲ್ಲ. ಅದನ್ನು ಪುಟ್ಟ ಸಿನಿಮಾ ಮಾಡಬೇಕಿತ್ತು. ಇವರಿಗೆ ಬಂದದ್ದು ಎಂಟು ಸೆಕೆಂಡು: ಹೊರಟು ನಿಂತ ಮಗಳ ಕೋಟಿಗೆ ಮುದುಕಿ ತಾಯಿ ಗುಂಡಿ ಹಾಕುತ್ತಾಳೆ. ಪರದೆಯ ಮೇಲೆ ಕೈಗಳು ಬಿಟ್ಟರೆ ಬೇರೇನೂ ಇಲ್ಲ. "ಇದೊಂದಾದ್ರೂ ನಂದು ಅಂತ ಇರ್ಲಿ ಕಣೇ," ಎಂದರು.

ಈ ಕಸುಬಿನಲ್ಲಿ ಬರೀ ಊಹೆಯ ಮೇಲೆ ಕೈ ಆಡಿಸುವುದಿಲ್ಲ. ಯಾರಾದರೂ ಮಾಡಿ ತೋರಿಸಬೇಕು, ಅದನ್ನು ಫೋನಿನಲ್ಲಿ ಹಿಡಿದು, ನಿಲ್ಲಿಸಿ ನಿಲ್ಲಿಸಿ ನೋಡಬೇಕು. ನಾನು ಕೋಟು ಹಾಕಿಕೊಂಡು ಕಿಟಕಿಯ ಬಳಿ ನಿಂತೆ. ಗುಂಡಿ ಹಾಕಿದವರು ನಮ್ಮತ್ತೆ. ಬಟ್ಟೆ ಹೊಲಿದು ಮಗನನ್ನು ಓದಿಸಿದ ಕೈ ಅವರದು, ಈಗ ನಡುಗುತ್ತದೆ. ಗುಂಡಿ ಕಾಜದ ಬಾಯಿಗೆ ತಾಗಿ ಜಾರಿತು. ಅವರು ಎಡಗೈಯಿಂದ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ಮತ್ತೆ ಹಾಕಿದರು.

"ಈ ನಡುಕ ಎಲ್ಲಾ ತೆಗೆದುಬಿಡ್ತೀಯ ತಾನೆ?" ಎಂದು ಮಗನನ್ನು ಕೇಳಿದರು.

"ಇಲ್ಲಮ್ಮ, ನಂಗೆ ಬೇಕಾಗಿರೋದೇ ಅದು."

ಅತ್ತೆ ಕೈಯನ್ನು ಶಾಲಿನೊಳಗೆ ಎಳೆದುಕೊಂಡರು.

ಕಣ್ಣು ಕೆಂಪಾಗುವವರೆಗೆ ಕೂತು ಇವರು ಆ ಎಂಟು ಸೆಕೆಂಡು ಮುಗಿಸಿದರು. ನೋಡಿದರೆ ಅವು ಅತ್ತೆಯ ಕೈಗಳೇ. ಆದರೆ ಗೇಮ್ ಕಂಪನಿಯಲ್ಲಿ ಒಬ್ಬನಿದ್ದಾನೆ. ಸಿನಿಮಾ ಎಲ್ಲೂ ಆಟದ ಕಥೆಯಿಂದ ಆಚೆ ಹೋಗದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಕಥೆ ಕಾವಲುಗಾರ ಎಂದು ನಾನಿಟ್ಟ ಹೆಸರು. ಕೈ ಅದುರುತ್ತಿದೆ, ಕಂಪ್ಯೂಟರಿನ ದೋಷ, ಸರಿಮಾಡಿ ಎಂದು ಬರೆದ. ಅಂಥ ದೋಷ ಉಂಟು, ನಿಜ. ಇದು ಅದಲ್ಲ ಎಂದು ಇವರು ಅತ್ತೆಯ ವಿಡಿಯೋವನ್ನೇ ಕಳಿಸಿದರು. ಆಗ ಅವನು ಹೊಸ ರಾಗ ತೆಗೆದ. ಆಟದಲ್ಲಿ ಬಿಲ್ಲುಗಾರ್ತಿ ಒಂದು ಕಡೆ "ನಮ್ಮ ಮನೆಯವರ ಕೈ ನಡುಗಲ್ಲ" ಅನ್ನುತ್ತಾಳಂತೆ. ತಾಯಿಯ ಕೈ ನಡುಗಿದರೆ ಆಡುವವರು ಕಂಪನಿಯನ್ನು ಸುಮ್ಮನೆ ಬಿಡುತ್ತಾರೆಯೇ?

"ಸ್ವಾಮಿ, ಅಮ್ಮನ ಕೈ ನಡುಗ್ತಿತ್ತು ಅಂತಾನೇ ಅವಳು ಆ ಮಾತು ಹೇಳ್ಕೊಂಡು ತಿರುಗ್ತಾಳೆ!" ಎಂದು ಇವರು ಫೋನಿನಲ್ಲಿ ಕೂಗಾಡಿದರು.

"ಯೋಚನೆ ಚೆನ್ನಾಗಿದೆ ಸರ್. ಆದ್ರೆ ಆಟದಲ್ಲಿ ಅದಿಲ್ಲವಲ್ಲ."

ನನಗೆ ಮೈಯೆಲ್ಲ ಉರಿಯಿತು. ಆ ಆಟದಲ್ಲಿ ಮೂರು ತಲೆಯ ಹಾವು ಬೆಂಕಿ ಉಗುಳುತ್ತದೆ, ಸತ್ತವರು ಎದ್ದು ಬಂದು ದಾರಿ ಕೇಳುತ್ತಾರೆ. ಮುದುಕಿಯ ಕೈ ನಡುಗುವುದನ್ನು ಮಾತ್ರ ಯಾರೂ ನಂಬುವುದಿಲ್ಲವಂತೆ!

ಮೊದಮೊದಲು ಇವರ ಬೆನ್ನಿಗೆ ನಿಂತಿದ್ದ ಡೈರೆಕ್ಟರು, ಬಿಡುಗಡೆ ಹತ್ತಿರವಾಗುತ್ತಿದ್ದಂತೆ ಮೆಲ್ಲಗೆ ಜಾರಿಕೊಂಡರು. ಇವರು ತಿದ್ದಲು ಒಪ್ಪಲಿಲ್ಲ. ಕೊನೆಗೆ ಪಕ್ಕದ ಮೇಜಿನಾಕೆ ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಿದಳು. ಚಲನೆಯನ್ನು ನಯ ಮಾಡುವ ಬಟನ್ ಅದು. ನಡುಕವೂ ಹೋಯಿತು, ಗುಂಡಿ ಜಾರುವುದೂ ಹೋಯಿತು. ಮಣಿಕಟ್ಟು ಹಿಡಿದ ಎಡಗೈ ಮಾತ್ರ ಹಾಗೇ ಉಳಿಯಿತು, ಯಾತಕ್ಕೂ ಬೇಡದ್ದು. ಸಿನಿಮಾ ಬಂದ ಮೇಲೆ ನೋಡಿದವರು ಅದು ಬಿಲ್ಲುಗಾರರ ಕುಲದ ಗುಟ್ಟಿನ ಸನ್ನೆ ಎಂದು ಉದ್ದುದ್ದ ಬರೆದರು. ಕಥೆ ಕಾವಲುಗಾರನೂ ಹೌದೆಂದು ತಲೆಯಾಡಿಸಿದನಂತೆ! ಅದನ್ನು ಓದಿದ ದಿನ ಇವರು ಊಟ ಮಾಡಲಿಲ್ಲ.

ಅತ್ತೆಗೆ ಸಿನಿಮಾ ತೋರಿಸುವುದೇ ಬೇಡ ಎಂದು ಇವರು ಹೇಳಿದ್ದರು. ಅತ್ತೆ ಬಿಡಬೇಕಲ್ಲ. ಭಾನುವಾರ ಬೆಳಿಗ್ಗೆ ಟಿವಿ ಮುಂದೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಆ ಎಂಟು ಸೆಕೆಂಡು ಬಂತು, ಹೋಯಿತು. ಇವರು ಕ್ಷಮೆ ಕೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಅತ್ತೆಯ ಕಣ್ಣು ತುಂಬಿತ್ತು. "ಹೊಲಿಗೆ ಮಿಷನ್ ಮುಂದೆ ಕೂರ್ತಿದ್ದಾಗ ನನ್ ಕೈ ಹೀಗೇ ಇತ್ತು ಕಣೋ," ಎಂದರು. "ನೀನು ಮರ್ತಿಲ್ಲ."

ಇವರು ಬಾಯಿ ಮುಚ್ಚಿದರು. "ಹೇಗಮ್ಮ ಮರೀಲಿ?" ಎಂದು, ಎದ್ದು ಅಡುಗೆಮನೆಗೆ ಬಂದು ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದರು.

"ಈಗ ನಾನು ಯಾರನ್ನ ಬೈಲಿ, ಹೇಳು?"

ಟಿವಿ ಕೋಣೆಯಿಂದ ಅತ್ತೆ ಕೂಗಿದರು: "ಇನ್ನೊಂದ್ಸಲ ಹಾಕೋ, ಮಗಾ."